ಅರಿಯನೋ, ಆರನೋ, ಒಲ್ಲನೋ?

ಲೋಕದಲ್ಲಿ ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವವರುಂಟು; ಧಾನ್ಯವನ್ನು ಕೊಳಗದಲ್ಲಿ ಅಳೆದು ನೋಡುವವರುಂಟು; ರೋಗಿಯ ಕೈಹಿಡಿದು ನಾಡಿಯನ್ನು ನೋಡುವವರೂ ಉಂಟು. ಮೂರೂ ಪರೀಕ್ಷೆಗಳೇ ಸರಿ. ಆದರೆ ಮೂರರ ಉದ್ದೇಶವು ಒಂದೇ ಅಲ್ಲ. ಅಕ್ಕಸಾಲಿಗನು ಪರೀಕ್ಷಿಸುವುದು ಇಟ್ಟುಕೊಳ್ಳಬೇಕೋ ಹಿಂದಿರುಗಿಸಬೇಕೋ ಎಂಬುದನ್ನು ನಿರ್ಣಯಿಸುವುದಕ್ಕೆ. ವರ್ತಕನು ಅಳೆಯುವುದು ಬೆಲೆ ಕಟ್ಟುವುದಕ್ಕೆ. ವೈದ್ಯನು ನಾಡಿ ಹಿಡಿಯುವುದಾದರೋ ಮದ್ದು ಯಾವುದೆಂದು ತಿಳಿಯುವುದಕ್ಕೆ. ನಾಡಿ ಕೆಟ್ಟಿದೆಯೆಂದು ರೋಗಿಯನ್ನು ಬೈದು ಹೊರಗಟ್ಟಿದವನನ್ನು ಯಾರೂ ವೈದ್ಯನೆಂದು ಕರೆಯಲಾರರು. ಹೀಗಿರುವಲ್ಲಿ, ಮೀಸೆ ಮೂಡುತ್ತಿರುವ ಮಗನ ನಡತೆಯನ್ನೂ, ಎದುರುಮಾತಾಡಲು ತೊಡಗಿದ ಮಗಳ ನಡತೆಯನ್ನೂ ನಾವು ಪರೀಕ್ಷಿಸುವಾಗ ಈ ಮೂವರಲ್ಲಿ ಯಾರಂತೆ ನಡೆದುಕೊಳ್ಳುತ್ತಿದ್ದೇವೆ? ವಾಚಕರೊಡನೆ ಕುಳಿತು ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ಹೇಳಿಕೊಳ್ಳುವ ದುಃಖವು ಮಳೆಬೆಳೆಯದಲ್ಲ, ಮಕ್ಕಳದು. 'ಹುಡುಗನು ಹೇಳಿದ ಮಾತು ಕೇಳುವುದಿಲ್ಲ, ಬಂದವರಿಗೆ ಕೈಮುಗಿಯುವುದಿಲ್ಲ, ಒಂದು ಮಾತು ಕೇಳಿದರೆ ಬಾಗಿಲು ಬಡಿದು ಹೋಗುತ್ತಾನೆ, ಶಾಲೆಯಿಂದ ಮೂರನೆಯ ಸಲ ಕರೆ ಬಂದಿದೆ' ಎಂದು ತಂದೆಯು ನಿಟ್ಟುಸಿರಿಡುವನು. ಆ ನಿಟ್ಟುಸಿರಿನ ಬೆನ್ನಿಗೇ ಒಂದು ಬಿರುದೂ ಹೊರಡುವುದು: ಉದ್ಧಟ, ಹಟಮಾರಿ, ಸಂಸ್ಕಾರಹೀನ. ನ್ಯಾಯಾಲಯದಲ್ಲಿ ವಿಚಾರಣೆಯಾದ ಮೇಲೆ ತೀರ್ಪು ಬರುವುದು. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ತೀರ್ಪು ಮೊದಲೇ ಬಂದುಬಿಡುವುದು. ವಿಚಾರಣೆ ನಡೆಯುವುದೇ ಇಲ್ಲ. ಇದನ್ನು ಇತರರನ್ನು ದೂರುವುದಕ್ಕಾಗಿ ಬರೆಯುತ್ತಿಲ್ಲ. ಮೂವತ್ತು ವರ್ಷಗಳ ಕಾಲ ಪಾಠ ಹೇಳಿದ ನಾನೇ ಈ ತಪ್ಪನ್ನು ಮಾಡಿದವನು. ಅದನ್ನು ಮುಂದೆ ನಿವೇದಿಸುವೆನು.

ಮೊದಲು ಪರೀಕ್ಷಿಸಬೇಕಾದ ವಸ್ತು ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ನಾಲ್ವರ ನಡುವೆ ಬಾಳುವುದಕ್ಕೆ ನಿತ್ಯವೂ ಬೇಕಾಗುವ ಚಿಕ್ಕಚಿಕ್ಕ ಸಾಮರ್ಥ್ಯಗಳುಂಟು. ಎದುರಾದವರನ್ನು ಮಾತಾಡಿಸುವುದು, ಬೇಕಾದುದನ್ನು ಕೇಳಿ ಪಡೆಯುವುದು, ಬೇಡವಾದುದನ್ನು ನೋಯಿಸದೆ ನಿರಾಕರಿಸುವುದು, ಹಾಸ್ಯಕ್ಕೆ ಗುರಿಯಾದಾಗ ತಾಳಿಕೊಳ್ಳುವುದು, ತಪ್ಪಿದಾಗ ಒಪ್ಪಿಕೊಳ್ಳುವುದು, ಆಡುತ್ತಿರುವವರ ಗುಂಪಿನಲ್ಲಿ ಸೇರಿಕೊಳ್ಳುವುದು ಇವೇ ಮೊದಲಾದವು. ಇವನ್ನು ಈಗಿನ ಮನಶ್ಶಾಸ್ತ್ರಜ್ಞರು ಸಾಮಾಜಿಕ ಕೌಶಲಗಳೆಂದು ಕರೆಯುವರು. ಅಮೆರಿಕೆಯ ಆರ್ನಾಲ್ಡ್ ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಿಶೋರರಿಗೆ ಅವಶ್ಯವಾದ ಇಂತಹ 50 ಕೌಶಲಗಳನ್ನು ಎಣಿಸಿ ಆರು ವರ್ಗಗಳಾಗಿ ವಿಂಗಡಿಸಿದರು: ಮಾತುಕತೆಯ ಮೊದಲ ಪಾಠಗಳು, ಅದಕ್ಕೂ ಮುಂದಿನ ವ್ಯವಹಾರಗಳು, ಭಾವನೆಗಳನ್ನು ನಿರ್ವಹಿಸುವುದು, ಕೈಮಾಡುವುದಕ್ಕೆ ಬದಲಾದ ಮಾರ್ಗಗಳು, ಮನಸ್ಸಿನ ಮೇಲೆ ಭಾರ ಬಿದ್ದಾಗ ನಡೆದುಕೊಳ್ಳುವ ಬಗೆ, ಮುಂದಾಲೋಚನೆ. ತಿರುಕನನ್ನೂ ಅರಸನನ್ನೂ ಮಾತಾಡಿಸಬಲ್ಲ ವಯಸ್ಕರಾದ ನಮಗೆ ಇವು ಉಸಿರಾಟದಷ್ಟು ಸಹಜವಾಗಿ ತೋರುವುವು. ಆದುದರಿಂದಲೇ ಇವು ಕಲಿತು ಬರುವಂಥವೆಂಬುದನ್ನು ನಾವು ಮರೆತಿದ್ದೇವೆ.

ನಾನು ವ್ಯಾಕರಣದ ಉಪಾಧ್ಯಾಯ. ಷಷ್ಠಿಯನ್ನು ಬಳಸಬೇಕಾದಲ್ಲಿ ಚತುರ್ಥಿಯನ್ನು ಬಳಸಿದ ಹುಡುಗನನ್ನು ತಿದ್ದುತ್ತೇನೆ. ಸೂತ್ರವನ್ನು ಇನ್ನೊಮ್ಮೆ ಹೇಳಿಸುತ್ತೇನೆ. ಅವನನ್ನು ಪಾಪಿಯೆಂದು ಎಣಿಸುವುದಿಲ್ಲ. ಅದೇ ಹುಡುಗನು ಕ್ಷಮೆ ಕೇಳಬೇಕಾದಲ್ಲಿ ಮುಖ ತಿರುಗಿಸಿ ನಿಂತರೆ, ಸೂತ್ರವು ಅವನಿಗೆ ತಿಳಿದಿದೆಯೋ ಇಲ್ಲವೋ ಎಂಬ ಶಂಕೆಯೇ ನನಗೆ ಹುಟ್ಟದೆ ಅವನು ದುಷ್ಟನೆಂಬ ನಿಶ್ಚಯವು ಹುಟ್ಟಿಬಿಡುವುದು. ವ್ಯಾಕರಣಕ್ಕೊಂದು ನ್ಯಾಯ, ನಡತೆಗೊಂದು ನ್ಯಾಯ! ಇದು ಹೇಗೆ ಸರಿಯಾದೀತು?

ಈಗ ನನ್ನ ನಿವೇದನೆಯನ್ನು ಕೇಳಬೇಕು. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯ ಪ್ರಸಾದ ನಿಲಯಕ್ಕೆ ಹದಿನಾಲ್ಕು ವರ್ಷದ ಬಾಲಕನೊಬ್ಬನು ಬಂದು ಸೇರಿದನು. ತಂದೆ ತೀರಿಕೊಂಡಿದ್ದರು; ತಾಯಿ ಕೂಲಿಗೆ ಹೋಗುವವರು. ತಿಂಗಳೆರಡು ಕಳೆಯುವುದರೊಳಗೆ ಅವನ ಮೇಲಿನ ದೂರುಗಳು ಒಂದು ಹಾಳೆಯನ್ನು ತುಂಬಿದವು. ಪಂಕ್ತಿಯಲ್ಲಿ ರೊಟ್ಟಿಯನ್ನು ಕಸಿದುಕೊಂಡನು; ನೀರಿನ ತೊಟ್ಟಿಯ ಬಳಿ ಒಬ್ಬನನ್ನು ತಳ್ಳಿ ಮೊಣಕಾಲು ಒಡೆದನು; ತಪ್ಪಾಯಿತೆನ್ನು ಎಂದರೆ ಕಲ್ಲಿನಂತೆ ನಿಂತನು; ನನ್ನನ್ನು ಕಂಡರೆ ನಮಸ್ಕಾರವಿಲ್ಲದೆ ಗೋಡೆಯ ಮಗ್ಗುಲಿಗೆ ಸರಿದುಹೋದನು. ಅವನನ್ನು ಊರಿಗೆ ಕಳುಹಿಸಿಬಿಡಬೇಕೆಂದು ನಾವೆಲ್ಲ ನಿಶ್ಚಯಿಸಿದೆವು. ನಾನೇ ಮೊದಲು ಹೌದೆಂದವನು. ಆಗ ಹೊಸದಾಗಿ ಬಂದಿದ್ದ ಕಿರಿಯ ಉಪಾಧ್ಯಾಯರೊಬ್ಬರು, 'ಹದಿನೈದು ದಿನ ಅವಕಾಶ ಕೊಡಿ. ಬರೆದಿಟ್ಟು ನೋಡೋಣ' ಎಂದು ಬೇಡಿಕೊಂಡರು. ಅವರು ಮಾಡಿದುದಿಷ್ಟೇ: ಜಗಳವಾದಾಗಲೆಲ್ಲ 'ಉದ್ಧಟತನ ತೋರಿದನು' ಎಂದು ಬರೆಯದೆ, ಎಲ್ಲಿ, ಯಾವಾಗ, ಯಾರೊಡನೆ, ಅದಕ್ಕೆ ಮುಂಚೆ ಏನಾಯಿತು, ಅನಂತರ ಏನಾಯಿತು ಎಂಬುದನ್ನು ಮಾತ್ರ ಬರೆದರು. ಜಗಳವಾಗದ ಹೊತ್ತಿನಲ್ಲಿ ಅವನು ಹೇಗಿದ್ದನೆಂಬುದನ್ನೂ ಬರೆದರು.

ಆ ಹಾಳೆಗಳಲ್ಲಿ ನಾವು ಕಾಣದಿದ್ದ ಹುಡುಗನೊಬ್ಬನು ಕಾಣಿಸಿಕೊಂಡನು. ಮುಂಜಾವದಲ್ಲಿ ದನದ ಕೊಟ್ಟಿಗೆಯ ಮುದುಕನೊಡನೆ 'ಅಜ್ಜಾ, ನಾ ಹಿಡಕೊಳ್ಳೇನು?' ಎಂದು ಕೇಳಿ ಹುಲ್ಲಿನ ಹೊರೆಯನ್ನು ಇಳಿಸುತ್ತಿದ್ದವನು ಅವನೇ. ಜಗಳಗಳಾದುದು ಹೆಚ್ಚಾಗಿ ಎರಡೇ ಸ್ಥಳಗಳಲ್ಲಿ: ಪಂಕ್ತಿಯಲ್ಲಿ, ತೊಟ್ಟಿಯ ಬಳಿಯಲ್ಲಿ. ಎರಡು ಕಡೆಗಳಲ್ಲಿಯೂ ಅದಕ್ಕೆ ಮುಂಚೆ ಯಾರೋ ನಕ್ಕಿದ್ದರು. ಕಿರಿಯ ಉಪಾಧ್ಯಾಯರು ಅವನನ್ನು ಏಕಾಂತದಲ್ಲಿ ಕೂರಿಸಿಕೊಂಡು, 'ಯಾರಾದರೂ ನಕ್ಕರೆ ಏನು ಮಾಡಬೇಕು, ತಮ್ಮಾ?' ಎಂದು ಕೇಳಿದರೆ, 'ಸುಮ್ಮನ ಹೋಗಬೇಕ್ರಿ' ಎಂದು ಒಡನೆಯೇ ಉತ್ತರ ಕೊಟ್ಟನು. ತಿಳಿದಿತ್ತು, ಆದರೆ ಆ ಗಳಿಗೆಯಲ್ಲಿ ಕೈಗೂಡುತ್ತಿರಲಿಲ್ಲ. 'ಮೊಣಕಾಲು ಒಡೆದವನಿಗೆ ಏಕೆ ತಪ್ಪಾಯಿತೆನ್ನಲಿಲ್ಲ?' ಎಂದರೆ, ಬಹಳ ಹೊತ್ತು ಸುಮ್ಮನಿದ್ದು, 'ಹೆಂಗ ಹೇಳಬೇಕ್ರಿ ಸರ?' ಎಂದನು. ಅವನ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದುದನ್ನು ಅವನು ಕೇಳಿರಲಿಲ್ಲ. ಕೊನೆಗೆ, 'ದೊಡ್ಡ ಗುರುಗಳಿಗೆ ಏಕೆ ಕೈಮುಗಿಯುವುದಿಲ್ಲ?' ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಹೇಳಲು ಅವರು ಸಂಕೋಚಪಟ್ಟರು. ನಾನು ಒತ್ತಾಯಿಸಿ ಹೇಳಿಸಿದೆನು. ನೋಟ್‌ಬುಕ್ಕಿಲ್ಲದೆ ಬಂದ ದಿನ ತುಂಬಿದ ತರಗತಿಯಲ್ಲಿ ನಾನು ಅವನನ್ನು ನಿಲ್ಲಿಸಿ, 'ಪುಕ್ಕಟೆ ಉಣ್ಣುವವನಿಗೆ ಇಷ್ಟು ಕೊಬ್ಬೇ?' ಎಂದಿದ್ದೆನಂತೆ. ನನಗೆ ಅದು ನೆನಪೇ ಇರಲಿಲ್ಲ. ದಾಸೋಹದ ಅನ್ನವನ್ನು ಉಣ್ಣುವವನ ಮುಖಕ್ಕೆ ಎತ್ತಿ ಆಡಿದ ನಾಲಗೆ ನನ್ನದು. ನಮಸ್ಕಾರವಿಲ್ಲವೆಂದು ದೂರು ಬರೆದ ಕೈಯೂ ನನ್ನದೇ!

ಈ ಒಬ್ಬ ಹುಡುಗನಲ್ಲಿಯೇ ಮೂರು ಬಗೆಯ ಕೊರತೆಗಳನ್ನು ವಾಚಕರು ಕಂಡಿರಬಹುದು. ಕ್ಷಮೆ ಕೇಳುವುದನ್ನು ಅವನು ಅರಿಯನು. ಹಾಸ್ಯವನ್ನು ತಾಳಿಕೊಳ್ಳುವುದನ್ನು ಅರಿತಿದ್ದರೂ ಕೋಪದ ಬಿಸಿಯಲ್ಲಿ ಆರನು, ಎಂದರೆ ಅವನಿಂದ ಆಗದು. ನನಗೆ ನಮಸ್ಕರಿಸುವುದನ್ನು ಅರಿತವನೂ ಆಗಿ, ಬಲ್ಲವನೂ ಆಗಿ, ಒಲ್ಲನು. ಅಮೆರಿಕೆಯ ಫ್ರ್ಯಾಂಕ್ ಗ್ರೆಶಮ್ ಮೊದಲಾದವರು 1980ರ ದಶಕದಿಂದ ಈ ಕ್ಷೇತ್ರದಲ್ಲಿ ಒತ್ತಿಹೇಳುತ್ತ ಬಂದಿರುವುದೂ ಇದನ್ನೇ: ಕೌಶಲವನ್ನು ಕಲಿಯದಿರುವುದು ಬೇರೆ, ಕಲಿತದ್ದನ್ನು ನಡೆಯಲ್ಲಿ ತಾರದಿರುವುದು ಬೇರೆ. ಹೊರಗಿನಿಂದ ನೋಡುವವನಿಗೆ ಇವೆಲ್ಲವೂ ಒಂದೇ ತೆರನಾಗಿ, ಉದ್ಧಟತನವಾಗಿ ಕಾಣುವುವು. ಮದ್ದಾದರೋ ಒಂದೊಂದಕ್ಕೆ ಒಂದೊಂದು. ಅರಿಯದವನಿಗೆ ಕಲಿಸಬೇಕು: ಮಾಡಿ ತೋರಿಸಿ, ಮಾಡಿಸಿ, ತಿದ್ದಿ, ಮತ್ತೆ ಮಾಡಿಸಬೇಕು. ಆರದವನಿಗೆ ಉಪದೇಶವು ನಿಷ್ಪ್ರಯೋಜಕ. ಅವನು ಅದನ್ನು ಆಗಲೇ ಬಲ್ಲನು. ಅವನಿಗೆ ಬೇಕಾದುದು ಅಭ್ಯಾಸ, ಕೋಪವೇರುವ ಮುನ್ನ ಸರಿದುನಿಲ್ಲುವ ಉಪಾಯ, ಪಂಕ್ತಿಯಲ್ಲಿ ಸ್ವಲ್ಪ ದೂರದ ಸ್ಥಳ. ಒಲ್ಲದವನ ವಿಷಯದಲ್ಲಿ ಒಲ್ಲದಿರುವುದಕ್ಕೆ ಕಾರಣವೇನೆಂದು ಹುಡುಕಬೇಕು. ಎಷ್ಟೋ ವೇಳೆ ಆ ಕಾರಣವು ಹುಡುಕುವವನ ಬಾಗಿಲಿಗೇ ಬಂದು ನಿಲ್ಲುವುದು. ಇವರೆಲ್ಲರಿಗೂ ಒಂದೇ ಬೆತ್ತವನ್ನು ಬಳಸುವವನು ಜ್ವರಕ್ಕೂ ಗಾಯಕ್ಕೂ ಹಸಿವಿಗೂ ಒಂದೇ ಕಷಾಯವನ್ನು ಕುಡಿಸಿದಂತೆ.

ಹಾಗಾದರೆ ನಿಜಸ್ಥಿತಿಯನ್ನು ತಿಳಿಯುವ ಬಗೆ ಹೇಗೆ? ಇದರಲ್ಲಿ ವಿದ್ವಾಂಸರು ಪಟ್ಟಿರುವ ಶ್ರಮದಿಂದ ಗೃಹಸ್ಥರಾದ ನಾವು ಕಲಿಯತಕ್ಕ ಸಂಗತಿಗಳು ಕೆಲವುಂಟು.

ಮೊದಲನೆಯದು, ಒಬ್ಬನ ಕಣ್ಣು ಸಾಲದು. 1987ರಲ್ಲಿ ಥಾಮಸ್ ಅಕೆನ್‌ಬಾಕ್ ಮತ್ತು ಸಂಗಡಿಗರು 119 ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದೇ ಮಗುವಿನ ನಡತೆಯನ್ನು ಕುರಿತು ಬೇರೆಬೇರೆಯವರು ಹೇಳುವ ಮಾತು ಎಷ್ಟರಮಟ್ಟಿಗೆ ಹೊಂದುವುದೆಂದು ಲೆಕ್ಕ ಹಾಕಿದರು. ಸಂಪೂರ್ಣ ಹೊಂದಿಕೆಗೆ 1, ಏನೂ ಹೊಂದಿಕೆಯಿಲ್ಲದಿದ್ದರೆ 0 ಎಂದಿಟ್ಟುಕೊಂಡರೆ, ತಾಯಿ ತಂದೆಗಳಂತೆ ಒಂದೇ ಸ್ಥಾನದಲ್ಲಿರುವವರ ಮಾತು ಸರಾಸರಿ 0.60ರಷ್ಟು ಹೊಂದಿತು, ತಂದೆತಾಯಿ ಮತ್ತು ಉಪಾಧ್ಯಾಯರಂತಹ ಬೇರೆ ಸ್ಥಾನದವರ ಮಾತು 0.28ರಷ್ಟು, ಮಗುವು ತನ್ನನ್ನು ಕುರಿತು ಹೇಳಿದ್ದಕ್ಕೂ ಇತರರು ಹೇಳಿದ್ದಕ್ಕೂ ಇದ್ದ ಹೊಂದಿಕೆ 0.22 ಮಾತ್ರ. ಇದರಿಂದ ಯಾರೋ ಸುಳ್ಳು ಹೇಳಿದರೆಂದು ತಿಳಿಯಬಾರದು. ಮನೆಯಲ್ಲಿ ಕಂಡ ಹುಡುಗನೂ ನಿಜ, ಶಾಲೆಯಲ್ಲಿ ಕಂಡ ಹುಡುಗನೂ ನಿಜ, ಕೊಟ್ಟಿಗೆಯಲ್ಲಿ ಕಂಡ ಹುಡುಗನೂ ನಿಜ. ಗ್ರೆಶಮ್ ಮತ್ತು ಸ್ಟೀಫನ್ ಎಲಿಯಟ್ ಇವರು 1990ರಲ್ಲಿ ಹೊರತಂದ ಪರೀಕ್ಷಾಕ್ರಮದಲ್ಲಿ ಉಪಾಧ್ಯಾಯರು, ತಂದೆತಾಯಿಗಳು, ವಿದ್ಯಾರ್ಥಿ ಈ ಮೂರು ಕಡೆಯವರಿಂದಲೂ ಉತ್ತರ ಪಡೆಯುವ ವ್ಯವಸ್ಥೆಯನ್ನು ಮಾಡಿರುವುದು ಇದಕ್ಕಾಗಿಯೇ. ಈ ಮೂವರಲ್ಲಿ ನಾವು ಬಹುತೇಕ ಕೇಳದೆಯೇ ಬಿಡುವವನು ಮೂರನೆಯವನು.

ಎರಡನೆಯದು, ತಪ್ಪು ನಡೆಯಲ್ಲಿ ಕಾಣಿಸಿದರೂ ಅದರ ಬೇರು ನೋಟದಲ್ಲಿರಬಹುದು. ರಿಚರ್ಡ್ ಮೆಕ್‌ಫಾಲ್ ಎಂಬವರು 1982ರಲ್ಲಿ ಬರೆಯುತ್ತ, ಎದುರಿನ ಸಂದರ್ಭವನ್ನು ಓದಿಕೊಳ್ಳುವುದು, ಏನು ಮಾಡಬೇಕೆಂದು ಆರಿಸಿಕೊಳ್ಳುವುದು, ಆರಿಸಿದ್ದನ್ನು ನುಡಿಯಲ್ಲಿ ಮತ್ತು ನಡೆಯಲ್ಲಿ ತರುವುದು ಎಂದು ಈ ಕೌಶಲಕ್ಕೆ ಮೂರು ಮೆಟ್ಟಿಲುಗಳನ್ನು ತೋರಿಸಿದರು. ಮೊದಲನೆಯ ಮೆಟ್ಟಿಲಲ್ಲಿಯೇ ಎಡವುವವರುಂಟೆಂಬುದನ್ನು ಕೆನೆತ್ ಡಾಡ್ಜ್ ಎಂಬವರ 1980ರ ಪ್ರಯೋಗವು ತಿಳಿಸುವುದು. ಬಾಲಕರು ಜೋಡಿಸುತ್ತಿದ್ದ ಆಟದ ವಸ್ತುವನ್ನು ಇನ್ನೊಬ್ಬನು ಕೆಡಿಸಿದಂತೆ ತೋರಿಸಲಾಯಿತು. ಬೇಕೆಂದೇ ಕೆಡಿಸಿದನೆಂದು ಸ್ಪಷ್ಟವಾದಾಗ ಜಗಳಗಂಟರೂ ಸಾಧುಗಳೂ ಒಂದೇ ರೀತಿ ಕೆರಳಿದರು. ಕೈತಪ್ಪಿ ಆದುದೆಂದು ಸ್ಪಷ್ಟವಾದಾಗ ಇಬ್ಬರೂ ಸುಮ್ಮನಾದರು. ಬೇಕೆಂದೋ ಕೈತಪ್ಪಿಯೋ ಎಂದು ತಿಳಿಯದಿದ್ದಾಗ ಮಾತ್ರ ಜಗಳಗಂಟರು ಅದನ್ನು ಹಗೆಯೆಂದೇ ಓದಿದರು. ಪಂಕ್ತಿಯಲ್ಲಿ ಯಾರೋ ಯಾವುದಕ್ಕೋ ನಕ್ಕರೆ 'ನನ್ನನ್ನೇ ನಕ್ಕರು' ಎಂದು ಓದಿದ ನಮ್ಮ ಬಾಲಕನು ಇಲ್ಲಿ ನೆನಪಾಗುವನು. ಅನೇಕ ಸಲ ನಿಜವಾಗಿಯೇ ಅವನನ್ನು ನಕ್ಕಿದ್ದರು. ಆದುದರಿಂದಲೇ ನಗದಿದ್ದಾಗಲೂ ಅವನಿಗೆ ನಗು ಕೇಳಿಸುತ್ತಿತ್ತು.

ಮೂರನೆಯದು, ಕೊಠಡಿಯ ಉತ್ತರವನ್ನು ಬಯಲಿನ ನಡೆಯೆಂದು ನಂಬಬಾರದು. ಫ್ರೀಡ್‌ಮನ್, ಮೆಕ್‌ಫಾಲ್ ಮೊದಲಾದವರು 1978ರಲ್ಲಿ ಹದಿಹರೆಯದ ಹುಡುಗರಿಗೆ ಕಷ್ಟಕ್ಕೆ ಬರುವ 44 ಸಂದರ್ಭಗಳ ಪಟ್ಟಿಯನ್ನು ರಚಿಸಿ, ಅಪರಾಧದ ದಾರಿಗೆ ಬಿದ್ದವರಿಂದಲೂ ಬೀಳದವರಿಂದಲೂ ಉತ್ತರ ಪಡೆದರು; ಮೊದಲನೆಯವರ ಉತ್ತರಗಳಲ್ಲಿ ಕೌಶಲವು ಕಡಿಮೆಯಿತ್ತು. 'ನೀತಿವಂತನಾಗಿರು' ಎಂಬ ಸಾಮಾನ್ಯೋಪದೇಶಕ್ಕಿಂತ ಇಂತಹ ನಿರ್ದಿಷ್ಟ ಪ್ರಶ್ನೆಗಳು ಎಷ್ಟೋ ಮೇಲು. ಆದರೂ 'ಏನು ಮಾಡಬೇಕು?' ಎಂಬ ಪ್ರಶ್ನೆ ಒಂದು, 'ನೀನು ಏನು ಮಾಡುವೆ?' ಎಂಬುದು ಇನ್ನೊಂದು, ಅವನು ಏನು ಮಾಡಿದನೆಂಬುದು ಮತ್ತೊಂದು. ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಶಾಲೆಯ ಉಪಾಧ್ಯಾಯರ ಮೂಲಕ ಕಿಶೋರರಿಗೆ ಜೀವನಕೌಶಲಗಳನ್ನು ಕಲಿಸುವ ಕ್ರಮವೊಂದನ್ನು ರೂಪಿಸಿದರು. 2010ರಲ್ಲಿ ಪ್ರಕಟವಾದ ವರದಿಯಲ್ಲಿ ಈ ಪಾಠವನ್ನು ಪಡೆದ 605 ಮಂದಿಯನ್ನು ಪಡೆಯದ 423 ಮಂದಿಯೊಡನೆ ಹೋಲಿಸಲಾಗಿದೆ. ಪಾಠ ಪಡೆದವರಲ್ಲಿ ಆತ್ಮಗೌರವ, ಕಷ್ಟವನ್ನು ಎದುರಿಸಬಲ್ಲೆನೆಂಬ ಭಾವ, ಉಪಾಧ್ಯಾಯರೊಡನೆಯೂ ಶಾಲೆಯೊಡನೆಯೂ ಹೊಂದಾಣಿಕೆ ಇವೆಲ್ಲ ಮೇಲಾಗಿದ್ದವು. ಮನೆಯವರೊಡನೆಯೂ ಓರಗೆಯವರೊಡನೆಯೂ ಹೊಂದಿಕೊಳ್ಳುವ ವಿಷಯದಲ್ಲಿ ಮಾತ್ರ ಎರಡು ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಶಾಲೆಯಲ್ಲಿ ಹಚ್ಚಿದ ದೀಪವು ತಾನಾಗಿಯೇ ಮನೆಯ ಜಗಲಿಯನ್ನು ಬೆಳಗಲಾರದು. ಮನೆಯ ದೀಪವನ್ನು ಮನೆಯವರೇ ಹಚ್ಚಬೇಕು; ಅಲ್ಲಿನ ಕತ್ತಲೆ ಎಷ್ಟೆಂಬುದನ್ನು ಅಲ್ಲಿಯೇ ನೋಡಬೇಕು.

ಪರದೇಶದ ಪಟ್ಟಿಗಳನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮೇಲೆ ಹೊರಿಸಲೂ ಕೂಡದು. ಎದುರಿನವರ ಕಣ್ಣನ್ನು ನೋಡುತ್ತ ಮಾತಾಡುವುದನ್ನು ಅಲ್ಲಿ ಕೌಶಲವೆಂದು ಎಣಿಸುವರು. ಹಿರಿಯರ ಮುಂದೆ ಕಣ್ಣು ತಗ್ಗಿಸುವುದನ್ನು ನಮ್ಮಲ್ಲಿ ವಿನಯವೆನ್ನುವರು. ಬಡಿಸಿದ ತಾಯಿಗೆ ಧನ್ಯವಾದವೆಂದರೆ ನಮ್ಮ ತಾಯಂದಿರು ನಕ್ಕಾರು. ಉಂಡ ತಟ್ಟೆಯನ್ನು ತೊಳೆದಿಟ್ಟರೆ ಅವರ ಮನಸ್ಸು ತುಂಬುವುದು. ಆದುದರಿಂದ ಅವರಿಂದ ಕೊಳ್ಳಬೇಕಾದುದು ನೋಡುವ ಕ್ರಮವನ್ನು, ನೋಡುವ ವಸ್ತುಗಳ ಪಟ್ಟಿಯನ್ನಲ್ಲ. ನಮ್ಮ ಪಟ್ಟಿಯಲ್ಲಿಯೂ ದೋಷಗಳಿವೆ. ಬಾಯಿಬಿಡದ ಹೆಣ್ಣುಮಗಳನ್ನು ನಾವು ಸುಶೀಲೆಯೆಂದು ಎಣಿಸಿ, ಅನ್ಯಾಯವನ್ನು ಅನ್ಯಾಯವೆನ್ನುವ ಮಗಳನ್ನು ಗಯ್ಯಾಳಿಯೆನ್ನುವೆವು. ದೂರಬೇಕಾದಲ್ಲಿ ದೂರುವುದೂ ಒಲ್ಲದ್ದನ್ನು ಒಲ್ಲೆನೆನ್ನುವುದೂ ಕೌಶಲಗಳೇ. ಅನುಭವ ಮಂಟಪದಲ್ಲಿ ಶರಣೆಯರು ಮಾತಾಡಿದ ಪರಂಪರೆಯವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. 'ಶರಣರು ಬೋಧಿಸಿದುದು ಅಂತರಂಗ ಶುದ್ಧಿಯನ್ನು. ನೀವಾದರೋ ಮಾತಾಡುವ ಬಗೆ, ಕೇಳುವ ಬಗೆ ಎಂದು ಹೊರಗಿನ ನಯವನ್ನು ಅಳೆಯಹೊರಟಿದ್ದೀರಿ. ವಂಚಕನಲ್ಲಿ ಈ ನಯವು ಎಲ್ಲರಿಗಿಂತ ಹೆಚ್ಚಿರುವುದಲ್ಲವೇ?' ಆಕ್ಷೇಪವು ಹುರುಳಿಲ್ಲದ್ದಲ್ಲ. ಇಂಗ್ಲೆಂಡಿನಲ್ಲಿ ಸಟನ್, ಸ್ಮಿತ್, ಸ್ವೆಟನ್‌ಹ್ಯಾಮ್ ಎಂಬವರು ಏಳರಿಂದ ಹತ್ತು ವರ್ಷದ 193 ಮಕ್ಕಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರರನ್ನು ಪೀಡಿಸುವ ಗುಂಪಿನ ಮುಂದಾಳುಗಳು ಪರರ ಮನಸ್ಸನ್ನು ಓದುವುದರಲ್ಲಿ ಪೀಡೆಗೊಳಗಾದವರಿಗಿಂತಲೂ ಹಿಂಬಾಲಕರಿಗಿಂತಲೂ ಮೇಲಾಗಿಯೇ ಇದ್ದರು. ಆದುದರಿಂದ ಕೌಶಲವೇ ಶೀಲವಲ್ಲವೆಂಬುದನ್ನು ಒಪ್ಪಲೇಬೇಕು. ಪಟ್ಟಿಯಲ್ಲಿ ಹೆಚ್ಚು ಅಂಕ ಬಂದವನು ಸಜ್ಜನನೆಂದೂ ಕಡಿಮೆ ಬಂದವನು ದುರ್ಜನನೆಂದೂ ಹೇಳುವವನು ಪಟ್ಟಿಯನ್ನೂ ತಿಳಿದವನಲ್ಲ, ಶೀಲವನ್ನೂ ತಿಳಿದವನಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಳಗೆ ಪಶ್ಚಾತ್ತಾಪವಿದ್ದು ಅದನ್ನು ಹೇಳುವ ಮಾತೇ ಇಲ್ಲದವನ ಗತಿಯೇನು? ನಮ್ಮ ಬಾಲಕನು ಮೊಣಕಾಲು ಒಡೆದುಕೊಂಡವನ ಹಾಸಿಗೆಯ ಪಕ್ಕದಲ್ಲಿ ಆ ರಾತ್ರಿ ತನ್ನ ಪಾಲಿನ ಬಾಳೆಯ ಹಣ್ಣನ್ನು ಇಟ್ಟುಹೋಗಿದ್ದನೆಂಬುದು ಆ ಹಾಳೆಗಳಿಂದಲೇ ನಮಗೆ ತಿಳಿಯಿತು. ಅಂತರಂಗವು ಆಗಲೇ ಶುದ್ಧವಾಗಿತ್ತು. ಬಹಿರಂಗಕ್ಕೆ ಬರುವ ದಾರಿ ಮಾತ್ರ ಅವನಿಗೆ ತಿಳಿದಿರಲಿಲ್ಲ. ಶರಣರು ನಡೆನುಡಿಗಳು ಒಂದಾಗಬೇಕೆಂದರು. ಒಳಗಿಲ್ಲದ್ದನ್ನು ಹೊರಗೆ ತೋರಿಸುವುದು ಹೇಗೆ ಅದಕ್ಕೆ ವಿರುದ್ಧವೋ, ಒಳಗಿರುವುದು ಹೊರಗೆ ಬಾರದೆ ಕೊಳೆಯುವುದೂ ಹಾಗೆಯೇ ವಿರುದ್ಧ. ಕೌಶಲವನ್ನು ಕಲಿಸುವುದೆಂದರೆ ಸುಳ್ಳಿಗೆ ಬಣ್ಣ ಬಳಿಯುವುದಲ್ಲ. ಸತ್ಯಕ್ಕೆ ಬಾಗಿಲು ತೆರೆಯುವುದು.

ಅಳೆಯುವುದು ಹೇಗಿರಬೇಕೆಂಬುದಕ್ಕೆ ನಮ್ಮ ಷಟ್‌ಸ್ಥಲ ಸಿದ್ಧಾಂತಕ್ಕಿಂತ ಹೆಚ್ಚಿನ ಮಾದರಿ ಬೇಕೇ? ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಸ್ಥಲಗಳನ್ನು ವಿಂಗಡಿಸಿದ ಹಿರಿಯರು ಭಕ್ತಸ್ಥಲದಲ್ಲಿರುವವನನ್ನು ಕೀಳೆಂದು ತಳ್ಳಲಿಲ್ಲ. ಅವನು ನಿಂತಿರುವ ನೆಲೆ ಯಾವುದು, ಅಲ್ಲಿಂದ ಇಡಬೇಕಾದ ಹೆಜ್ಜೆ ಯಾವುದು ಎಂಬುದೇ ಆ ವಿಂಗಡಣೆಯ ಪ್ರಯೋಜನ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿನವಾಗಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ, ಆ ಪರೀಕ್ಷೆಯು ಆಕೆಯನ್ನು ಕುಗ್ಗಿಸುವುದಕ್ಕಲ್ಲದೆ ಆಕೆಯ ನಿಲವನ್ನು ಎಲ್ಲರಿಗೂ ಕಾಣಿಸುವುದಕ್ಕೆ ನಡೆದುದೆಂಬುದು ತಿಳಿದೇ ಇದೆ. ಪರರನ್ನು ತಿದ್ದಲು ಹೊರಡುವವನು ಮೊದಲು ತನ್ನನ್ನು ನೋಡಿಕೊಳ್ಳಬೇಕೆಂಬ ಬಸವಣ್ಣನವರ ಬೋಧೆಯನ್ನಂತೂ ನಾವು ಸಭೆಗಳಲ್ಲಿ ಹೇಳದ ದಿನವಿಲ್ಲ. ಅದನ್ನು ಮಕ್ಕಳ ವಿಷಯದಲ್ಲಿ ಮಾತ್ರ ಮರೆಯುವೆವು.

ಗೃಹಸ್ಥರು ಮಾಡಬಹುದಾದುದನ್ನು ಸಂಗ್ರಹವಾಗಿ ಹೇಳುವೆನು. ಮಗನ ನಡತೆಯಿಂದ ಮನಸ್ಸು ಕಹಿಯಾಗಿರುವ ತಂದೆಯು ಮೊದಲು ಒಂದು ಹಾಳೆಯನ್ನು ತೆಗೆದುಕೊಳ್ಳಲಿ. ಗುಣವಾಚಕಗಳನ್ನು ಬಿಟ್ಟು ಕ್ರಿಯಾಪದಗಳನ್ನು ಮಾತ್ರ ಬರೆಯಲಿ: 'ಸಿಡುಕ' ಎಂದಲ್ಲ, 'ತಂಗಿಯು ಪುಸ್ತಕ ಮುಟ್ಟಿದಾಗ ಕೂಗಿದನು' ಎಂದು. ಎರಡು ವಾರಗಳ ಕಾಲ ಎಲ್ಲಿ, ಯಾವಾಗ, ಯಾರೊಡನೆ, ಮುಂಚೆ ಏನು, ಅನಂತರ ಏನು ಎಂಬುದನ್ನು ಗುರುತಿಸಲಿ. ಅವನು ಚೆನ್ನಾಗಿ ನಡೆದುಕೊಂಡ ಸಂದರ್ಭಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಲಿ. ತಾಯಿಯನ್ನೂ ಉಪಾಧ್ಯಾಯರನ್ನೂ ಅವನು ಪ್ರೀತಿಸುವ ಸೋದರಮಾವನನ್ನೋ ಅಜ್ಜಿಯನ್ನೋ ಕೇಳಲಿ. ಕೊನೆಗೆ ಅವನನ್ನೇ ಕೇಳಿ, ಕೇಳಿದ ಮೇಲೆ ಸುಮ್ಮನಿರಲಿ. ಒಂದೊಂದು ಕೊರತೆಯ ಎದುರಿಗೂ ಅರಿಯನೋ, ಆರನೋ, ಒಲ್ಲನೋ ಎಂದು ಬರೆದು, ಅವುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿ ಕಲಿಸಲು ತೊಡಗಲಿ. ತಿಂಗಳು ಕಳೆದ ಮೇಲೆ ಇನ್ನೊಮ್ಮೆ ನೋಡಲಿ. ಕಿವಿ ಮಂದವಾದ ಹುಡುಗನು ಉತ್ತರ ಕೊಡದಿದ್ದುದನ್ನು ಅಹಂಕಾರವೆಂದೂ, ಅಕ್ಷರಗಳು ಕಣ್ಣಿಗೆ ಕಲಸಿ ಕಾಣುವವನ ಹಿಂಜರಿಕೆಯನ್ನು ಸೋಮಾರಿತನವೆಂದೂ ತಿಳಿದ ಉದಾಹರಣೆಗಳು ಶಾಲೆಗಳಲ್ಲಿ ಬೇಕಾದಷ್ಟಿವೆ. ಆದುದರಿಂದ ಕಣ್ಣು ಕಿವಿಗಳನ್ನೂ ಪರೀಕ್ಷೆ ಮಾಡಿಸಲಿ. ಮಗುವು ಊಟನಿದ್ರೆಗಳನ್ನು ಬಿಟ್ಟು ಬಹುದಿನ ಮಂಕಾಗಿದ್ದರೆ, ತನಗೆ ತಾನೇ ಹಾನಿಮಾಡಿಕೊಳ್ಳುವ ಮಾತಾಡಿದರೆ, ಪ್ರಾಣಿಗಳನ್ನೋ ಚಿಕ್ಕವರನ್ನೋ ಹಿಂಸಿಸತೊಡಗಿದರೆ ಹಾಳೆಯನ್ನು ನೆಚ್ಚಿ ಕೂರದೆ ವೈದ್ಯರ ಬಳಿಗೆ ಹೋಗತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.

ಆ ಹಾಳೆಯ ಕೊನೆಯಲ್ಲಿ ಒಂದು ಸಾಲನ್ನು ತನಗಾಗಿ ಬಿಡಲಿ: 'ಇದರಲ್ಲಿ ನನ್ನ ಪಾಲೆಷ್ಟು?' ಈ ಸಾಲಿಲ್ಲದ ಅಳತೆಯು ಅಕ್ಕಸಾಲಿಗನದಾದೀತು, ವರ್ತಕನದಾದೀತು, ವೈದ್ಯನದಾಗಲಾರದು.

ಇದಕ್ಕೂ ಎಷ್ಟೋ ವರ್ಷಗಳ ಹಿಂದೆ ಇಂತಹದೇ ದೂರುಗಳ ಮೇಲೆ ಇನ್ನೊಬ್ಬ ಬಾಲಕನನ್ನು ನಾವು ಊರಿಗೆ ಕಳುಹಿಸಿದ್ದೆವು. ಆಗ ಬರೆದಿಟ್ಟು ನೋಡೋಣವೆಂದು ಬೇಡುವವರು ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಹೋದುದು ನನಗೆ ನೆನಪಿದೆ. ಅವನ ತಪ್ಪುಗಳಲ್ಲಿ ಒಂದೂ ನೆನಪಿಲ್ಲ. ಅವನು ಅರಿಯದವನೋ, ಆರದವನೋ, ಒಲ್ಲದವನೋ ಎಂಬುದನ್ನು ಇನ್ನು ಯಾರನ್ನು ಕೇಳಲಿ?

ಎರಡನೆಯವನ ವಿಷಯದಲ್ಲಿ ದೇವರು ನನಗೆ ಅವಕಾಶವಿತ್ತನು. ಅವಮಾನವು ತುಂಬಿದ ತರಗತಿಯಲ್ಲಿ ಆದುದರಿಂದ ಕ್ಷಮೆಯನ್ನೂ ತುಂಬಿದ ತರಗತಿಯಲ್ಲಿಯೇ ಕೇಳಿದೆನು. 'ತಮ್ಮಾ, ಅಂದು ನಾನು ಆಡಿದ ಮಾತು ತಪ್ಪಾಯಿತು' ಎಂದೆನು. ಅವನು ತಲೆಯೆತ್ತಲಿಲ್ಲ, ಏನನ್ನೂ ಹೇಳಲಿಲ್ಲ. ಆದರೆ ಆ ಮಾತನ್ನು ಹೇಗೆ ಹೇಳಬೇಕೆಂಬುದನ್ನು ಅಂದು ಅವನು ಕೇಳಿದನು. ಜಗಳಗಳು ಒಮ್ಮೆಲೇ ನಿಲ್ಲಲಿಲ್ಲ, ವಿರಳವಾದುವು. ಕೆಲವು ವಾರಗಳ ಮೇಲೆ ಒಂದು ಸಂಜೆ ನನ್ನ ಕೊಠಡಿಯ ಬಾಗಿಲಲ್ಲಿ ನೆರಳು ಕಂಡಿತು. ಅವನು ಬಹಳ ಹೊತ್ತಿನಿಂದ ನಿಂತಿದ್ದನೆಂದು ತೋರುತ್ತದೆ.

'ಸರ, ಒಂದು ನೋಟ್‌ಬುಕ್ ಬೇಕಾಗಿತ್ತರಿ' ಎಂದನು.